8 ಜಿಬಿ ಖೋಲಿಯಲ್ಲಿ ದೊಡ್ಡ ಸಂಸಾರ: ಕಡಿಮೆ ರ‍್ಯಾಮ್‌ನಲ್ಲಿ ಭಾರೀ ಪ್ರೋಗ್ರಾಂ ನಡೆಸುವ ಬಗೆ

ರಾತ್ರಿ ಹನ್ನೊಂದೂವರೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ಮನೆ ದೀಪವೂ ಆರಿತ್ತು. ನಾನೊಬ್ಬ ಲ್ಯಾಪ್‌ಟಾಪ್ ಮುಂದೆ ಕೂತು, ಪರದೆಯ ಮೇಲೆ ತಿರುಗುತ್ತಿದ್ದ ನೀಲಿ ಚಕ್ರ ನೋಡುತ್ತಿದ್ದೆ. ಸಂಘದ ಯಕ್ಷಗಾನಕ್ಕೆ 10 ಅಡಿ ಅಗಲ, 8 ಅಡಿ ಎತ್ತರದ ಫ್ಲೆಕ್ಸ್ ಮಾಡಬೇಕಿತ್ತು. ಬೆಳಿಗ್ಗೆ ಪ್ರಿಂಟಿಗೆ ಹೋಗಲೇಬೇಕು. ಭಾಗವತರ ಫೋಟೊ ಒಂದಿಂಚು ಸರಿಸಿದರೆ ಒಂದು ನಿಮಿಷ ಕಾಯಬೇಕು. ಕಾರ್ಯದರ್ಶಿ ಶೆಟ್ರು ಫೋನ್ ಮಾಡಿದರು. "ಎಂತ ಮಾರಾಯ್ರೆ, ಆಯ್ತಾ?"

"ಆಗ್ತಾ ಉಂಟು ಶೆಟ್ರೇ."

ಆಗುತ್ತಿರಲಿಲ್ಲ. ತಪ್ಪು ಲ್ಯಾಪ್‌ಟಾಪಿನದ್ದೂ ಅಲ್ಲ, ನನ್ನದೇ. ಏನು ತಪ್ಪು ಅಂತ ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ಹಗಲು ನಾನು ದಾದರ್‌ನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ರಾತ್ರಿ ಮನೆಯಲ್ಲಿ ಮದುವೆ ಆಲ್ಬಂ, ಬ್ಯಾನರ್. ಮನೆಯ ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್, ಅಂದರೆ ತೆರೆದ ಕೆಲಸವನ್ನೆಲ್ಲ ಹರಡಿಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ. "ಇನ್ನೊಂದು ಸ್ಟಿಕ್ ಹಾಕಿಸಿ, ಮುಗೀತು" ಎನ್ನುವುದು ಸುಲಭ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಪರಿ ನೋಡಿದ್ದೀರಲ್ಲ? ಚಿಪ್ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ ಮೇಲೆ ನಮ್ಮಂಥವರ ಪಾಲಿಗೆ ಉಳಿದದ್ದು ತುಟ್ಟಿ ಮಾಲು. ಹಾಗಾಗಿ ಇರುವುದರಲ್ಲೇ ಎಷ್ಟು ಎಳೆಯಬಹುದು ಅಂತ ನೋಡೋಣ. ನಾನು ಹೇಳುವುದು ಹೆಚ್ಚಾಗಿ ವಿಂಡೋಸ್ ಮತ್ತು ಫೋಟೊಶಾಪ್ ಬಗ್ಗೆ, ಯಾಕೆಂದರೆ ದಿನಾ ಗುದ್ದಾಡುವುದು ಅವುಗಳ ಜೊತೆಗೇ.

ಖೋಲಿ ಮತ್ತು ಅಟ್ಟ

ಮುಂಬಯಿಯ ಚಾಳಿನಲ್ಲಿ ಒಂದು ಖೋಲಿಯ ಸಂಸಾರ ನೋಡಿದವರಿಗೆ ರ‍್ಯಾಮ್ ಬಗ್ಗೆ ಪಾಠ ಬೇಕಿಲ್ಲ. ನೆಲದ ಮೇಲೆ ಜಾಗ ಇದ್ದಷ್ಟೇ. ಹಗಲು ಹಾಸಿಗೆ ಮಡಚಿ ಅಟ್ಟಕ್ಕೆ ಹಾಕಬೇಕು, ಇಲ್ಲಿಯವರ ಬಾಯಲ್ಲಿ ಅದು ಮಾಳಾ. ನೆಲ ಅಂದರೆ ರ‍್ಯಾಮ್. ಅಟ್ಟ ಅಂದರೆ ಡಿಸ್ಕ್ ಮೇಲೆ ವಿಂಡೋಸ್ ಇಟ್ಟುಕೊಳ್ಳುವ ಪೇಜ್ ಫೈಲ್. ಜಾಗ ಸಾಲದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಅಟ್ಟಕ್ಕೆ ಹಾಕುತ್ತದೆ, ಬೇಕಾದಾಗ ಇಳಿಸುತ್ತದೆ. ಹತ್ತಿ ಇಳಿಯುವ ಏಣಿಯದ್ದೇ ಎಲ್ಲ ತೊಂದರೆ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್‌ನ, 2400 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 19 ಜಿಬಿಯಷ್ಟು ಸಾಗಿಸಬಲ್ಲದು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್, ಅಂದರೆ ಸಾಟಾ ಎಸ್‌ಎಸ್‌ಡಿ, ಸುಮಾರು 500 ಎಂಬಿ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಒಂದೇ ಸಾಲಿನಲ್ಲಿ ಓದಿದರೆ 100 ಎಂಬಿ ಆಸುಪಾಸು, ಅಲ್ಲೊಂದು ಇಲ್ಲೊಂದು ಚೂರು ಹುಡುಕುವಾಗ ಒಂದೆರಡು ಎಂಬಿಗೇ ಏದುಸಿರು. ಪೇಜ್ ಫೈಲ್ ಹುಡುಕಾಟ ಬಹುಪಾಲು ಈ ಎರಡನೇ ತರಹದ್ದು.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಿಮ್ಮದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ, ಕೈಯಲ್ಲಿರುವ ದುಡ್ಡನ್ನು ರ‍್ಯಾಮ್‌ಗೆ ಹಾಕುವ ಮೊದಲು ಎಸ್‌ಎಸ್‌ಡಿಗೆ ಹಾಕಿ.

ಮೊದಲು ನೋಡಿ, ಆಮೇಲೆ ಮುಟ್ಟಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಎಲ್ಲರೂ ನೋಡುವುದು 'ಇನ್ ಯೂಸ್' ಎಂಬ ಅಂಕಿ. ನೀವು ಅದರ ಹತ್ತಿರದಲ್ಲೇ ಇರುವ 'ಕಮಿಟೆಡ್' ನೋಡಿ. ಅಲ್ಲಿ 14.1/15.4 ಎಂಬ ತರಹ ಎರಡು ಅಂಕಿ ಇರುತ್ತವೆ. ಎರಡನೆಯದು ನೆಲ ಮತ್ತು ಅಟ್ಟ ಸೇರಿಸಿ ಇರುವ ಒಟ್ಟು ಜಾಗ. ಮೊದಲನೆಯದು ಪ್ರೋಗ್ರಾಂಗಳಿಗೆ ವಿಂಡೋಸ್ ಈಗಾಗಲೇ ಮಾತು ಕೊಟ್ಟಿರುವ ಜಾಗ. ಮೊದಲ ಅಂಕಿ ಎರಡನೆಯದಕ್ಕೆ ತಾಗುವ ಹಾಗಾದರೆ ಯಾವುದಾದರೂ ಪ್ರೋಗ್ರಾಂ ದಿಢೀರ್ ಮಾಯವಾಗಬಹುದು. ಕೆಲಸ ಸೇವ್ ಮಾಡಿಕೊಳ್ಳಿ.

'ಕ್ಯಾಶ್ಡ್' ಎಂದು 2–3 ಜಿಬಿ ಕಂಡರೆ ಗಾಬರಿ ಬೇಡ. ಅದು ವಿಂಡೋಸ್ ಸುಮ್ನೆ ಹರಡಿಕೊಂಡದ್ದು, ಯಾರಿಗಾದರೂ ಜಾಗ ಬೇಕೆಂದಾಗ ತಕ್ಷಣ ಬಿಟ್ಟುಕೊಡುತ್ತದೆ.

ಅದೇ ಪುಟದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಎಂದೊಂದು ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಲಸಕ್ಕೆ ರ‍್ಯಾಮ್‌ನಿಂದಲೇ ಪಾಲು ಹೋಗುತ್ತದೆ. ಕೆಲವು ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಪೂರಾ 2 ಜಿಬಿ ಹೀಗೆ ಹೋಗಿರುತ್ತದೆ. ವಿಂಡೋಸ್ ಏಳುವ ಮೊದಲೇ ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಕೊಟ್ಟಿದ್ದರೆ 512 ಎಂಬಿಗೆ ಇಳಿಸಬಹುದು. ಎಲ್ಲ ಲ್ಯಾಪ್‌ಟಾಪಿನಲ್ಲೂ ಕೊಟ್ಟಿರುವುದಿಲ್ಲ.

ಇನ್ನೊಂದು ಮಾತು. ಹಳೇ ಮಷೀನಿನಲ್ಲಿ 32 ಬಿಟ್ ವಿಂಡೋಸ್ ಇದ್ದರೆ ನೀವು ಎಷ್ಟೇ ರ‍್ಯಾಮ್ ಹಾಕಿ, ಅದಕ್ಕೆ 4 ಜಿಬಿ ದಾಟಿ ಕಾಣುವುದಿಲ್ಲ. ಕೈಗೆ ಸಿಗುವುದು ಮೂರು, ಮೂರೂವರೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ಕರೆಯದೆ ಬಂದ ನೆಂಟರು

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟಪ್ ಆ್ಯಪ್ಸ್ ಇದೆ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಯಾರ‍್ಯಾರು ಬಂದು ಕೂರುತ್ತಾರೆ ಎಂಬ ಪಟ್ಟಿ ಅದು. ಮೀಟಿಂಗ್ ಆ್ಯಪ್, ಗೇಮ್ ಲಾಂಚರ್, ಪ್ರಿಂಟರ್ ಜೊತೆ ಬಂದ ಸಹಾಯಕ, ಹಾಡಿನ ಆ್ಯಪ್: ಇವರೆಲ್ಲ ಬೇಡ. ಡಿಸೇಬಲ್ ಮಾಡಿ. ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಬರುತ್ತಾರೆ ಅಷ್ಟೇ. ಆ್ಯಂಟಿವೈರಸ್ ಮಾತ್ರ ಇರಲಿ, ಆದರೆ ಒಂದೇ ಸಾಕು. ವಿಂಡೋಸ್ ಜೊತೆಗೇ ಬರುವುದು ನನಗಂತೂ ಸಾಲುತ್ತಿದೆ.

ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ಅಲ್ಲಿ ಒಂದೊಂದಾಗಿ ಕಾಣುತ್ತದೆ. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿ. ಮುಟ್ಟದೆ ಬಿಟ್ಟ ಟ್ಯಾಬ್‌ಗಳು ನಿದ್ದೆ ಹೋಗುತ್ತವೆ. ಆದರೂ ನಿಜ ಹೇಳುತ್ತೇನೆ, ಫೋಟೊಶಾಪ್ ತೆರೆದಾಗ ಬ್ರೌಸರ್ ಮುಚ್ಚಿಬಿಡುವುದೇ ಲೇಸು. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಫೋನ್‌ನಲ್ಲೇ ನೋಡಿಕೊಂಡರಾಯಿತು.

ಭಾರೀ ಕೆಲಸಕ್ಕೆ ಕೂರುವ ಮೊದಲು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್‌ನ ಒಳಭಾಗ ಡಿಸ್ಕ್‌ನಲ್ಲಿ ಹಾಗೇ ಉಳಿದು ಮತ್ತೆ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗಲೇ ಎಲ್ಲ ಗುಡಿಸಿ ಒರೆಸಿದ ಹಾಗಾಗುವುದು.

ಲೆಕ್ಕ ಇಲ್ಲಿದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಜವಾದ ಉಳಿತಾಯ ಸೆಟ್ಟಿಂಗ್ಸ್‌ನಲ್ಲಿಲ್ಲ, ಫೈಲ್‌ನ ಅಳತೆಯಲ್ಲಿದೆ. ಇದನ್ನು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಕ್ಯಾಮೆರಾದ 24 ಮೆಗಾಪಿಕ್ಸೆಲ್ ಫೋಟೊ ಫೋಲ್ಡರ್‌ನಲ್ಲಿ 8 ಎಂಬಿ ಅಂತ ತೋರಿಸುತ್ತದೆ. ಅದು ಜೆಪೆಗ್ ಆಗಿ ಮಡಚಿಟ್ಟ ಸೀರೆ. ತೆರೆದರೆ ಪೂರಾ ಬಿಚ್ಚಿಕೊಳ್ಳುತ್ತದೆ. 6000 ಗುಣಿಸು 4000, ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು 3 ಬೈಟ್. ಒಟ್ಟು 7.2 ಕೋಟಿ ಬೈಟ್, ಅಂದರೆ 70 ಎಂಬಿ ಹತ್ತಿರ. "ಆರಿಸಿಕೊಳ್ಳೋಣ" ಅಂತ ಮದುವೆಯ 40 ಫೋಟೊ ಒಟ್ಟಿಗೆ ಫೋಟೊಶಾಪ್‌ಗೆ ಎಳೆದು ಹಾಕಿದಿರಾ? ಇನ್ನೂ ಒಂದು ಗೆರೆ ಎಳೆಯುವ ಮೊದಲೇ 2.7 ಜಿಬಿ ಹೋಯಿತು. ಆರಿಸುವ ಕೆಲಸ ಫೋಲ್ಡರ್‌ನಲ್ಲೇ ಮಾಡಿ, ಬೇಕಾದ್ದನ್ನಷ್ಟೇ ಒಳಗೆ ತನ್ನಿ.

ಆಲ್ಬಂ ಹಾಳೆ ನೋಡಿ. 12 ಗುಣಿಸು 36 ಇಂಚು, 300 ಡಿಪಿಐ, ಅಂದರೆ ಒಂದಿಂಚಿಗೆ 300 ಚುಕ್ಕಿ. 3600 ಗುಣಿಸು 10,800, ಸುಮಾರು 3.9 ಕೋಟಿ ಪಿಕ್ಸೆಲ್. ಫೋಟೊಶಾಪ್ ಕೆಳಗಡೆ 111.2 ಎಂಬಿ ಅಂತ ತೋರಿಸುತ್ತದೆ. ಇದು ಒಂದು ಲೇಯರ್‌ದು, ಅಂದರೆ ಒಂದರ ಮೇಲೊಂದು ಇಡುವ ಪದರಗಳಲ್ಲಿ ಒಂದರದ್ದು. ಹಾಳೆ ತುಂಬುವ ಇಂಥ ಹತ್ತು ಲೇಯರ್ ಇದ್ದರೆ 1.1 ಜಿಬಿ. ಒಂದೊಂದು ಬಣ್ಣಕ್ಕೆ 8 ಬಿಟ್ (1 ಬೈಟ್) ಬದಲು 16 ಬಿಟ್‌ನಲ್ಲಿ ಮಾಡಿದರೆ ಎಲ್ಲವೂ ಎರಡರಷ್ಟು. ಆಲ್ಬಂಗೆ 16 ಬಿಟ್ ಬೇಕಾ? ನನ್ನ ಕೇಳಿದರೆ ಬೇಡ.

ಈಗ ಶೆಟ್ರ ಫ್ಲೆಕ್ಸ್. 10 ಅಡಿ ಅಂದರೆ 120 ಇಂಚು, 8 ಅಡಿ ಅಂದರೆ 96. ಆಲ್ಬಂ ಅಭ್ಯಾಸದಲ್ಲಿ ನಾನು ಡಿಪಿಐ ಜಾಗದಲ್ಲಿ 300 ಒತ್ತಿದ್ದೆ, ಬಣ್ಣ ಸಿಎಂವೈಕೆ, ಪ್ರಿಂಟಿನ ನಾಲ್ಕು ಶಾಯಿಯ ಲೆಕ್ಕ. ಅಂದರೆ 36,000 ಗುಣಿಸು 28,800 ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್. ಖಾಲಿ ಹಿನ್ನೆಲೆಯೊಂದೇ 3.86 ಜಿಬಿ! ಅದರ ಮೇಲೆ ಭಾಗವತರು, ಮೂವರು ವೇಷಧಾರಿಗಳು, ಪ್ರಾಯೋಜಕರ ಹನ್ನೊಂದು ಫೋಟೊ. 8 ಜಿಬಿ ಖೋಲಿಯಲ್ಲಿ ಮೇಳವಿಡೀ ಬಂದು ನಿಂತ ಹಾಗೆ. ಅಷ್ಟೇ ಅಲ್ಲ, ಮಾಮೂಲಿ ಪಿಎಸ್‌ಡಿ ಫೈಲ್ ಯಾವುದೇ ಬದಿಗೆ 30,000 ಪಿಕ್ಸೆಲ್ ದಾಟಿದರೆ ಸೇವ್ ಆಗುವುದಿಲ್ಲ, ಪಿಎಸ್‌ಬಿ ಎಂಬ ದೊಡ್ಡ ಫೈಲಿನ ಬಗೆಯೇ ಬೇಕು. ಅದನ್ನು ಫೋಟೊಶಾಪ್ ಹೇಳಿದಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಫ್ಲೆಕ್ಸ್ ಅನ್ನು ಯಾರೂ ಕಣ್ಣಿಗೆ ಒತ್ತಿಕೊಂಡು ನೋಡುವುದಿಲ್ಲ, ರಸ್ತೆಯ ಆಚೆಯಿಂದ ನೋಡುತ್ತಾರೆ. 72 ಡಿಪಿಐ ಸಾಕು. ಅದೇ ಅಳತೆ 72ಕ್ಕೆ ಇಳಿಸಿದರೆ 8640 ಗುಣಿಸು 6912, ಒಂದು ಲೇಯರ್‌ಗೆ 228 ಎಂಬಿ. ಹದಿನೇಳು ಪಟ್ಟು ಕಡಿಮೆ. ಹನ್ನೆರಡು ಗಂಟೆಗೆ ಹೊಸ ಫೈಲ್ ತೆರೆದು ಮೊದಲಿಂದ ಜೋಡಿಸಿದೆ. ಒಂದೂಕಾಲಿಗೆ ಮುಗಿಯಿತು. ಆ ದಿನದಿಂದ ಕೆಲಸ ಶುರು ಮಾಡುವ ಮೊದಲು ಪ್ರಿಂಟ್ ಮಾಡುವವರಿಗೆ ಫೋನ್ ಮಾಡಿ "ಎಷ್ಟು ಡಿಪಿಐ ಬೇಕು ಅಣ್ಣಾ?" ಎಂದು ಕೇಳುತ್ತೇನೆ.

ಅಕ್ಷರಗಳನ್ನು ಫೋಟೊಶಾಪ್‌ನಲ್ಲಿ ಮಾಡಬೇಕೆಂದೇನೂ ಇಲ್ಲ. ಹಿನ್ನೆಲೆ ಮತ್ತು ಫೋಟೊಗಳನ್ನು ಒಂದೇ ಚಿತ್ರ ಮಾಡಿ ಕೋರೆಲ್‌ಡ್ರಾಗೆ ತಂದು, ಕನ್ನಡ ಅಕ್ಷರ ಅಲ್ಲೇ ಹಾಕಿ. ಅಲ್ಲಿ ಅಕ್ಷರ ಪಿಕ್ಸೆಲ್ ಅಲ್ಲ, ಗೆರೆಯ ಲೆಕ್ಕ. ಎಷ್ಟು ದೊಡ್ಡದು ಮಾಡಿದರೂ ಮೆಮೊರಿಗೆ ಹೊರೆಯಲ್ಲ, ಅಂಚೂ ಒಡೆಯುವುದಿಲ್ಲ.

ಫೋಟೊಶಾಪ್ ಒಳಗೆ

ಕಿಟಕಿಯ ಕೆಳ ಅಂಚಿನಲ್ಲಿ ಫೈಲಿನ ಅಳತೆ ತೋರಿಸುವ ಜಾಗದ ಪಕ್ಕ ಒಂದು ಚಿಕ್ಕ ಬಾಣ ಇದೆ. ಒತ್ತಿ, 'ಎಫಿಶಿಯನ್ಸಿ' ಆರಿಸಿ. 100% ಇದ್ದರೆ ಎಲ್ಲ ಕೆಲಸ ರ‍್ಯಾಮ್‌ನಲ್ಲೇ ನಡೆಯುತ್ತಿದೆ. ಅದಕ್ಕಿಂತ ಇಳಿದರೆ ಡಿಸ್ಕ್‌ಗೆ ಓಡಾಟ ಶುರುವಾಗಿದೆ. 60ಕ್ಕೆ ಬಂದರೆ ಚಹಾ ಕುಡಿದು ಬರಬಹುದು. ಈ ಅಂಕಿ ಒಂದು ವಾರ ನೋಡುತ್ತಿದ್ದರೆ ನಿಮ್ಮ ಯಾವ ಅಭ್ಯಾಸ ತುಟ್ಟಿ ಅಂತ ತಾನೇ ಗೊತ್ತಾಗುತ್ತದೆ.

ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್‌ಗೆ ಹೋಗಿ. ಫೋಟೊಶಾಪ್‌ಗೆ ಎಷ್ಟು ರ‍್ಯಾಮ್ ಕೊಡಬೇಕು ಎಂಬ ಪಟ್ಟಿ ಸಾಮಾನ್ಯವಾಗಿ 70%ನಲ್ಲಿರುತ್ತದೆ. ಸರಿಯಾದ ಮಿತಿ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ, ಅದನ್ನು ದಾಟಬೇಡಿ. 100% ಕೊಟ್ಟರೆ ವಿಂಡೋಸ್‌ಗೇ ನಿಲ್ಲಲು ಜಾಗವಿಲ್ಲದೆ ಎರಡೂ ಸೊರಗುತ್ತವೆ. ಹಿಸ್ಟರಿ ಸ್ಟೇಟ್ಸ್ 50 ಇರುತ್ತದೆ, 20ಕ್ಕೆ ಇಳಿಸಿ. ಹಿಂದೆ ಹೋಗಲು ನೆನಪಿಡುವ ಒಂದೊಂದು ಹೆಜ್ಜೆಗೂ ಜಾಗ ಬೇಕು.

ಸ್ಕ್ರ್ಯಾಚ್ ಡಿಸ್ಕ್ ಎಂದರೆ ಫೋಟೊಶಾಪ್‌ನ ಸ್ವಂತ ಅಟ್ಟ. ಮಾಮೂಲಾಗಿ ಸಿ ಡ್ರೈವ್ ಮೇಲೆಯೇ ಇರುತ್ತದೆ. ಇನ್ನೊಂದು ಎಸ್‌ಎಸ್‌ಡಿ ಇದ್ದರೆ ಅಲ್ಲಿಗೆ ಬದಲಿಸಿ. ಪೆನ್‌ಡ್ರೈವ್‌ಗೆ ಬೇಡವೇ ಬೇಡ.

ಮಾಡುವಾಗಿನ ಕೆಲವು ಅಭ್ಯಾಸಗಳು. ಕ್ರಾಪ್ ಮಾಡುವಾಗ 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಗುರುತು ಹಾಕಿ, ಇಲ್ಲದಿದ್ದರೆ ಹಾಳೆಯ ಹೊರಗೆ ಕಾಣದೆ ನಿಂತ ಭಾಗವೂ ಜಾಗ ತಿನ್ನುತ್ತದೆ. ಬಣ್ಣ ತಿದ್ದಲು ಲೇಯರ್‌ನ ನಕಲು ಮಾಡುವ ಬದಲು, ತಿದ್ದುಪಡಿಯನ್ನಷ್ಟೇ ಹಿಡಿದಿಡುವ ಅಡ್ಜಸ್ಟ್‌ಮೆಂಟ್ ಲೇಯರ್ ಬಳಸಿ. ಹಿಗ್ಗಿಸಿ ಕುಗ್ಗಿಸಿದರೂ ಮೂಲ ಕೆಡದ ಸ್ಮಾರ್ಟ್ ಆಬ್ಜೆಕ್ಟ್ ಒಳ್ಳೆಯದೇ, ಆದರೆ ಅದರೊಳಗೆ ಮೂಲ ಫೋಟೊ ಪೂರ್ತಿ ಕೂತಿರುತ್ತದೆ. ಅಳತೆ ನಿಗದಿಯಾದ ಮೇಲೆ ರಾಸ್ಟರೈಸ್ ಮಾಡಿ ಮಾಮೂಲಿ ಪಿಕ್ಸೆಲ್ ಲೇಯರ್ ಆಗಿಸಿಬಿಡಿ. ಮುಗಿದ ಲೇಯರ್‌ಗಳನ್ನು ಕಂಟ್ರೋಲ್-ಇ ಒತ್ತಿ ಸೇರಿಸಿ, ಅದಕ್ಕೆ ಮೊದಲು ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ. ಗಿರಾಕಿ ಬೆಳಿಗ್ಗೆ "ಅತ್ತೆಯ ಫೋಟೊ ಸ್ವಲ್ಪ ದೊಡ್ಡದು ಮಾಡಿ" ಅನ್ನದೆ ಇರುವುದಿಲ್ಲ. ನಡುನಡುವೆ ಎಡಿಟ್, ಪರ್ಜ್, ಆಲ್. ಹಿಸ್ಟರಿ, ಕ್ಲಿಪ್‌ಬೋರ್ಡ್ ಎರಡೂ ಖಾಲಿಯಾಗುತ್ತವೆ. ಹಿಂದೆ ಹೋಗಲು ಆಗುವುದಿಲ್ಲ, ನೆನಪಿರಲಿ.

ವೀಡಿಯೊ ಕೆಲಸದವರಿಗೆ

ಅಕ್ಕನ ಮಗ ಪುಣೆಯಲ್ಲಿ ಓದುತ್ತಾನೆ, ಪ್ರೀಮಿಯರ್ ಎಂಬ ಪ್ರೋಗ್ರಾಂನಲ್ಲಿ ವೀಡಿಯೊ ಎಡಿಟ್ ಮಾಡುತ್ತಾನೆ. ಕಳೆದ ತಿಂಗಳು ಅವನ ಫೋನ್. "ಮಾಮಾ, ಪ್ರೀಮಿಯರ್ ಒಂದು ಹೆಜ್ಜೆ ಮುಂದೆ ಹೋಗ್ತಿಲ್ಲ. ಹೊಸ ಲ್ಯಾಪ್‌ಟಾಪ್ ಬೇಕು ಅಂತ ಅಮ್ಮನಿಗೆ ಸ್ವಲ್ಪ ಹೇಳು."

"ಯಾವುದರಲ್ಲಿ ಶೂಟ್ ಮಾಡಿದ್ದು?"

"ಫೋನ್‌ನಲ್ಲಿ. 4ಕೆ."

4ಕೆಯ ಒಂದು ಫ್ರೇಮ್ ಬಿಚ್ಚಿದರೆ 3840 ಗುಣಿಸು 2160, 4 ಬೈಟ್‌ನಂತೆ 33 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 800 ಎಂಬಿಗೂ ಜಾಸ್ತಿ. ಎರಡು ವೀಡಿಯೊ ಒಂದರ ಮೇಲೊಂದು ಇಟ್ಟರೆ ಪಾಪ ಲ್ಯಾಪ್‌ಟಾಪ್ ಏನು ಮಾಡೀತು? ಪ್ರಾಕ್ಸಿ ಮಾಡಲು ಹೇಳಿದೆ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್‌ಗಳನ್ನೆಲ್ಲ ಆರಿಸಿ, ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ಮೀಡಿಯಾ ಎನ್‌ಕೋಡರ್ ಒಂದೊಂದಕ್ಕೂ ಚಿಕ್ಕ ನಕಲು ಮಾಡುತ್ತದೆ. ರಾತ್ರಿ ಹಚ್ಚಿ ಮಲಗುವುದು, ಬೆಳಿಗ್ಗೆ ಎನ್‌ಕೋಡರ್ ಮುಚ್ಚಿ ನಕಲಿನ ಮೇಲೆ ಎಡಿಟ್ ಮಾಡುವುದು. ಎಕ್ಸ್‌ಪೋರ್ಟ್ ಮಾಡುವಾಗ ಮೂಲ 4ಕೆ ತಾನಾಗಿ ಬರುತ್ತದೆ. ಎಕ್ಸ್‌ಪೋರ್ಟ್ ಅರ್ಧದಲ್ಲಿ ಬಿದ್ದರೆ ಪ್ರಿಫರೆನ್ಸಸ್‌ನ ಮೆಮೊರಿಯಲ್ಲಿ 'ಆಪ್ಟಿಮೈಸ್ ರೆಂಡರಿಂಗ್ ಫಾರ್' ಎಂಬಲ್ಲಿ ಪರ್ಫಾರ್ಮೆನ್ಸ್ ಬದಲು ಮೆಮೊರಿ ಆರಿಸಿ. ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ. ಅಕ್ಕನಿಗೆ ಲ್ಯಾಪ್‌ಟಾಪ್ ವಿಷಯ ನಾನು ಹೇಳಲೇ ಇಲ್ಲ.

ಅಟ್ಟ ಕೆಡವಬೇಡಿ

"ಪೇಜ್ ಫೈಲ್ ತೆಗೆದರೆ ಎಲ್ಲ ರ‍್ಯಾಮ್‌ನಲ್ಲೇ ಓಡುತ್ತೆ, ಸ್ಪೀಡೋ ಸ್ಪೀಡು" ಅಂತ ಒಬ್ಬರು ಹೇಳಿದ್ದನ್ನು ನಂಬಿ ಒಮ್ಮೆ ತೆಗೆದಿದ್ದೆ. ರಾತ್ರಿ ಎರಡು ಗಂಟೆಗೆ ಆಲ್ಬಂನ ಹದಿನಾಲ್ಕನೇ ಹಾಳೆ ಸಮೇತ ಫೋಟೊಶಾಪ್ ಕಣ್ಣೆದುರೇ ಮಾಯ. ಪರದೆಯ ಮೇಲೆ ಡೆಸ್ಕ್‌ಟಾಪ್‌ನ ಗಣಪತಿ ಚಿತ್ರ ಮಾತ್ರ ಉಳಿಯಿತು. ಕಮಿಟೆಡ್ ಎಂದೆನಲ್ಲ, ಆ ಎರಡನೇ ಅಂಕಿಯನ್ನು ನಾನೇ ಕುಗ್ಗಿಸಿದ್ದೆ.

ಸಿ ಡ್ರೈವ್‌ನಲ್ಲಿ ಜಾಗ ಇದ್ದರೆ ಪೇಜ್ ಫೈಲ್ ಅನ್ನು ವಿಂಡೋಸ್‌ಗೇ ಬಿಡಿ. ಕಮಿಟೆಡ್ ಮತ್ತೆ ಮತ್ತೆ ತುದಿಗೆ ಬರುತ್ತಿದ್ದರೆ ನೀವೇ ದೊಡ್ಡದು ಮಾಡಬಹುದು. ಸ್ಟಾರ್ಟ್‌ನಲ್ಲಿ 'ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್' ಹುಡುಕಿ. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ವರ್ಚುವಲ್ ಮೆಮೊರಿ, ಚೇಂಜ್. ಮೇಲಿನ ಆಟೊಮ್ಯಾಟಿಕ್ ಗುರುತು ತೆಗೆಯಿರಿ. ಕಸ್ಟಮ್ ಸೈಜ್‌ನಲ್ಲಿ, 8 ಜಿಬಿ ಮಷೀನಿಗೆ, ಮೊದಲ ಅಂಕಿ 8192, ಎರಡನೆಯದು 16384 ಎಂದು ಹಾಕಿ. ಈಗ 'ಸೆಟ್' ಒತ್ತಿ. ಅದನ್ನು ಒತ್ತದೆ ನೇರ ಓಕೆ ಒತ್ತಿದರೆ ಬರೆದದ್ದೆಲ್ಲ ವ್ಯರ್ಥ, ಬಹಳ ಜನ ಎಡವುವುದು ಇಲ್ಲೇ. ಆಮೇಲೆ ರೀಸ್ಟಾರ್ಟ್.

'ರ‍್ಯಾಮ್ ಬೂಸ್ಟರ್', 'ಕ್ಲೀನರ್' ಎಂಬ ಆ್ಯಪ್‌ಗಳನ್ನು ಹತ್ತಿರ ಸೇರಿಸಬೇಡಿ. ಅವು ಮಾಡುವುದು ನೆಲದ ಮೇಲಿದ್ದದ್ದನ್ನೆಲ್ಲ ಅಟ್ಟಕ್ಕೆ ಎಸೆದು "ನೋಡಿ, ಎಷ್ಟು ಜಾಗ!" ಎನ್ನುವುದು. ಮರುಕ್ಷಣ ಎಲ್ಲವನ್ನೂ ಮತ್ತೆ ಇಳಿಸಬೇಕು. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಕಿಟಕಿಯಲ್ಲಿ 'ಮ್ಯಾಕ್ಸಿಮಮ್ ಮೆಮೊರಿ' ಗುರುತು ಹಾಕಿ ಎನ್ನುವ ಸಲಹೆಯೂ ಓಡಾಡುತ್ತಿದೆ. ಅದು ರ‍್ಯಾಮ್ ಹೆಚ್ಚಿಸುವುದಲ್ಲ, ಇಷ್ಟೇ ಬಳಸು ಅಂತ ಕಟ್ಟುಹಾಕುವುದು.

ಕೊನೆಗೆ ಕೊಳ್ಳಲೇಬೇಕಾದರೆ

ಇಷ್ಟೆಲ್ಲ ಮಾಡಿದ ಮೇಲೂ ಎಫಿಶಿಯನ್ಸಿ 80 ದಾಟದಿದ್ದರೆ ಸ್ಟಿಕ್ ಬೇಕೇ ಬೇಕು. ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟ ನೋಡಿ. 'ಸ್ಲಾಟ್ಸ್ ಯೂಸ್ಡ್' 1 ಆಫ್ 2 ಅಂತಿದ್ದರೆ ಒಂದು ಜಾಗ ಖಾಲಿ ಇದೆ. 'ಫಾರ್ಮ್ ಫ್ಯಾಕ್ಟರ್' ಎಂಬಲ್ಲಿ ಸೋಡಿಮ್ ಎಂದಿದ್ದರೆ ಬಿಚ್ಚಿ ಹಾಕಬಹುದಾದ ಸ್ಟಿಕ್. 'ರೋ ಆಫ್ ಚಿಪ್ಸ್' ಎಂದಿದ್ದರೆ ಈಗಿರುವುದನ್ನು ಬೋರ್ಡಿಗೇ ಬೆಸೆದಿದ್ದಾರೆ.

ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ, ಗ್ರ್ಯಾಂಟ್ ರೋಡ್ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಬೋರ್ಡಿನಲ್ಲಿ ಡಾ. ಭಡಕಮ್ಕರ್ ಮಾರ್ಗ ಅಂತಿರುತ್ತದೆ, ಕರೆಯುವುದು ಮಾತ್ರ ಎಲ್ಲರೂ ಹಳೇ ಹೆಸರನ್ನೇ. ಹೋಗುವಾಗ ಹಳೇ ಸ್ಟಿಕ್‌ನ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ಯಿರಿ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಹಿಂದಿನ ಲ್ಯಾಪ್‌ಟಾಪಿಗೆ ಬೇಕಿದ್ದದ್ದು 1.35 ವೋಲ್ಟಿನ ಡಿಡಿಆರ್3ಎಲ್. ನಾನು ಬಾಯಿಮಾತಿನಲ್ಲಿ "ಡಿಡಿಆರ್3" ಅಂದೆ, ಅವರು 1.5 ವೋಲ್ಟಿನದ್ದು ಕೊಟ್ಟರು. ನೋಡಲು ಎರಡೂ ಒಂದೇ, 204 ಪಿನ್, ಸ್ಲಾಟಿನಲ್ಲಿ ಸಲೀಸಾಗಿ ಕೂತಿತು. ಪರದೆ ಮಾತ್ರ ಕಪ್ಪು. ಡೊಂಬಿವಲಿಯಿಂದ ದಾದರ್, ಅಲ್ಲಿ ಲೈನ್ ಬದಲಿಸಿ ಮತ್ತೆ ಗ್ರ್ಯಾಂಟ್ ರೋಡ್. ಒಂದು 'ಎಲ್' ಅಕ್ಷರಕ್ಕೆ ಒಂದು ಶನಿವಾರ ಹೋಯಿತು.

ಡಿಡಿಆರ್4ರ ಲ್ಯಾಪ್‌ಟಾಪ್ ಸ್ಟಿಕ್‌ಗೆ 260 ಪಿನ್, ಡಿಡಿಆರ್5ಕ್ಕೆ 262. ಕಚ್ಚಿನ ಜಾಗ ಬೇರೆ ಬೇರೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ. ಎರಡು ಬೇರೆ ವೇಗದ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಹೊಂದಿಕೊಳ್ಳುತ್ತವೆ. ತೊಂದರೆ ಇಲ್ಲ, ಹೆಚ್ಚು ದುಡ್ಡು ಕೊಟ್ಟು ವೇಗದ್ದು ತರುವ ಅಗತ್ಯವೂ ಇಲ್ಲ.

ದುಡ್ಡು ಕೊಡುವ ಮೊದಲು ಅಂಗಡಿಯ ಕೌಂಟರ್ ಮೇಲೆಯೇ ಲ್ಯಾಪ್‌ಟಾಪ್ ಆನ್ ಮಾಡಿಸಿ. 16 ಜಿಬಿ ತೋರಿಸುತ್ತಿದೆಯಾ, ಸ್ಲಾಟ್ 2 ಆಫ್ 2 ಬಂತಾ ನೋಡಿ. ಮನೆಗೆ ಬಂದು ಸ್ಟಾರ್ಟ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಹುಡುಕಿ ಒಮ್ಮೆ ಓಡಿಸಿ. ಅದು ರೀಸ್ಟಾರ್ಟ್ ಆಗಿ, ನೀಲಿ ಪರದೆಯ ಮೇಲೆ ಪರೀಕ್ಷೆ ಮಾಡುತ್ತದೆ. ತಪ್ಪು ತೋರಿಸಿದರೆ ಮರುದಿನವೇ ವಾಪಸ್ ಒಯ್ಯಿರಿ. ಬಿಲ್‌ನಲ್ಲಿ ಸ್ಟಿಕ್‌ನ ಸೀರಿಯಲ್ ನಂಬರ್ ಬರೆಸಿಕೊಂಡಿದ್ದರೆ ವಾದ ಬೆಳೆಯುವುದಿಲ್ಲ.